ನಾಣ್ಯದಲ್ಲಿ ಎರಡೆರಡು ಅಕ್ಷರ: ನಿಧಿಯೋ, ಯಂತ್ರದ ಅಲುಗಾಟವೋ?

ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇರಬಹುದು. ಅಡುಗೆಮನೆಯ ಹಳೆಯ ಸಾಸಿವೆ ಡಬ್ಬಿಯೋ, ಗಲ್ಫ್‌ನಿಂದ ಬಂದ ಚಾಕಲೇಟಿನ ತಗಡಿನ ಪೆಟ್ಟಿಗೆಯೋ ಇರಬಹುದು. ಅದರ ತಳದಲ್ಲಿ ಈಗ ಚಲಾವಣೆಯಲ್ಲಿಲ್ಲದ ನಾಲ್ಕಾಣೆ, ಹತ್ತು ಪೈಸೆಗಳು, ದಲ್ಲಾದ ಚಿತ್ರವಿರುವ ಒಂದೆರಡು ದಿರ್ಹಮ್, ಅಂಗಡಿಯವನು ಚಿಲ್ಲರೆಯಾಗಿ ಕೊಟ್ಟ ರೂಪಾಯಿಗಳು. ಮಾಣಿ-ಮೈಸೂರು ಹೆದ್ದಾರಿಯ ಬದಿಯಲ್ಲಿರುವ ಕಲ್ಲುಗುಂಡಿಯಂತಹ ಪುಟ್ಟ ಪೇಟೆಯಲ್ಲೂ ಮನೆ ಮನೆಗಳಲ್ಲಿ ಇಂತಹ ಡಬ್ಬಿಗಳು ಸಿಗುತ್ತವೆ. ಈಗ ಮೊಬೈಲ್‌ನಲ್ಲಿ ಒಂದು ವೀಡಿಯೊ ಬರುತ್ತದೆ: "ನಿಮ್ಮ ನಾಣ್ಯದಲ್ಲಿ ಅಕ್ಷರಗಳು ಎರಡೆರಡಾಗಿ ಕಾಣುತ್ತಿವೆಯೇ? ನೀವು ಲಕ್ಷಾಧಿಪತಿ!" ಡಬ್ಬಿ ನೆಲಕ್ಕೆ ಸುರಿಯುತ್ತದೆ, ಮಕ್ಕಳು ಭೂತಕನ್ನಡಿ ಹುಡುಕುತ್ತಾರೆ. ಹುಡುಕಿದರೆ ಒಂದಲ್ಲ ಒಂದು ನಾಣ್ಯದಲ್ಲಿ ಅಕ್ಷರ ಎರಡಾಗಿ ಕಂಡೇ ಕಾಣುತ್ತದೆ!

ಹಾಗಾದರೆ ಅದು ನಿಜಕ್ಕೂ ಬೆಲೆಬಾಳುವ ನಾಣ್ಯವೇ? ಹೆಚ್ಚಿನ ಸಲ ಅಲ್ಲ. ಇದನ್ನು ತಿಳಿಯಲು ಪಂಡಿತರ ಬಳಿ ಹೋಗಬೇಕಾಗಿಲ್ಲ. ನಾಣ್ಯ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿತರೆ ಅರ್ಧ ಉತ್ತರ ಸಿಕ್ಕಂತೆಯೇ.

ಅಚ್ಚಿನಲ್ಲಿ ಆದ ತಪ್ಪು

ನಮ್ಮ ದೇಶದಲ್ಲಿ ಮುಂಬಯಿ, ಕೋಲ್ಕತಾ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿ ಸರಕಾರಿ ಟಂಕಸಾಲೆಗಳಿವೆ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ಸಣ್ಣ ಚುಕ್ಕೆಯಿದ್ದರೆ ನೋಯ್ಡಾ, ವಜ್ರದಾಕಾರವಿದ್ದರೆ ಮುಂಬಯಿ, ಏನೂ ಇಲ್ಲದಿದ್ದರೆ ಕೋಲ್ಕತಾ. ನಾಣ್ಯ ಒತ್ತುವ ಉಕ್ಕಿನ ಅಚ್ಚಿಗೆ ಡೈ ಎನ್ನುತ್ತಾರೆ. ಅದರಲ್ಲಿ ಚಿತ್ರ ತಿರುಗುಮುರುಗಾಗಿ, ತಗ್ಗಾಗಿ ಇರುತ್ತದೆ. ಅಪ್ಪದ ಕಾವಲಿಯ ಗುಳಿಯಂತೆ ಎಂದುಕೊಳ್ಳಿ. ಅಚ್ಚಿನ ಗುಳಿ ಹೇಗಿದೆಯೋ ನಾಣ್ಯದ ಉಬ್ಬು ಹಾಗೆಯೇ ಬರುತ್ತದೆ.

ಈ ಡೈಯನ್ನು ತಯಾರಿಸಲು ಇನ್ನೊಂದು ತಾಯಿ ಅಚ್ಚು ಬೇಕು. ಹಿಂದೆ ತಾಯಿ ಅಚ್ಚನ್ನು ಡೈಯ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಾಗುತ್ತಿತ್ತು. ನಡುವೆ ಡೈಯನ್ನು ಕಾಯಿಸಿ ಉಕ್ಕನ್ನು ಮೆದುಗೊಳಿಸುತ್ತಿದ್ದರು. ಎರಡನೆಯ ಸಲ ಒತ್ತುವಾಗ ಕೂದಲೆಳೆಯಷ್ಟು ತಿರುಗಿ ಕುಳಿತರೂ ಡೈಯಲ್ಲೇ ಎರಡು ಅಕ್ಷರಗಳು ಮೂಡಿಬಿಡುತ್ತವೆ. ಆ ಡೈಯಿಂದ ಹೊರಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜೋಡಿ ಅಕ್ಷರ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇರುತ್ತದೆ. ಸಂಗ್ರಾಹಕರು ಬಯಸುವ ಡಬಲ್ ಡೈ ನಾಣ್ಯವೆಂದರೆ ಇದೇ.

ಜಗತ್ತಿನಲ್ಲಿ ಇದಕ್ಕೆ ಹೆಸರುವಾಸಿಯಾದ ಉದಾಹರಣೆ 1955ರ ಅಮೆರಿಕದ ಲಿಂಕನ್ ಸೆಂಟ್. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಇಂತಹ ಡೈಯಿಂದ ಒತ್ತಿದ ನಾಣ್ಯಗಳು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋದವು. ಸುಮಾರು 20ರಿಂದ 24 ಸಾವಿರ ನಾಣ್ಯಗಳು ಜನರ ಕೈ ಸೇರಿದವೆಂದು ಅಂದಾಜು. ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಎರಡಾಗಿ ಕಾಣುವ ಈ ತಾಮ್ರದ ಕಾಸಿಗೆ ಇಂದು ಸಾವಿರ ಡಾಲರಿಗಿಂತಲೂ ಹೆಚ್ಚು ಬೆಲೆಯಿದೆ. ಆದರೆ ಅದೇ 1955ರಲ್ಲಿ ಸವೆದ ಡೈಯಿಂದ ಒತ್ತಿದ, ಇಸವಿಯ ಕೊನೆಯ ಅಂಕಿ ಮಾತ್ರ ಮಸುಕಾಗಿ ಜೋಡಿಯಂತೆ ಕಾಣುವ ನಾಣ್ಯಗಳೂ ಇವೆ. ಅವನ್ನು ಅಲ್ಲಿಯವರು "ಬಡವರ ಡಬಲ್ ಡೈ" ಎಂದು ತಮಾಷೆ ಮಾಡುತ್ತಾರೆ. ಅವುಗಳ ಬೆಲೆ ಅತ್ಯಲ್ಪ. ನೋಡಲು ಎರಡೂ ಜೋಡಿಯೇ, ಆದರೆ ಹುಟ್ಟಿದ ಬಗೆ ಬೇರೆ!

ಯಂತ್ರ ಅಲುಗಿದಾಗ

ಇನ್ನು ನಮ್ಮ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೆಷಿನ್ ಡಬ್ಲಿಂಗ್. ಇಲ್ಲಿ ಡೈ ಸರಿಯಾಗಿಯೇ ಇರುತ್ತದೆ. ಆದರೆ ಯಂತ್ರದಲ್ಲಿ ಅದನ್ನು ಬಿಗಿದದ್ದು ಸ್ವಲ್ಪ ಸಡಿಲವಾಗಿರುತ್ತದೆ. ನಾಣ್ಯ ಒತ್ತಿದ ಕ್ಷಣದಲ್ಲೇ ಡೈ ಅಲುಗಿದರೆ, ಆಗ ತಾನೇ ಮೂಡಿದ ಅಕ್ಷರದ ಅಂಚು ತಳ್ಳಲ್ಪಟ್ಟು ಚಪ್ಪಟೆಯಾಗುತ್ತದೆ. ಮೆತ್ತಗಿನ ಹಿಟ್ಟಿನ ಮೇಲೆ ಅಚ್ಚೊತ್ತಿ, ಎತ್ತುವಾಗ ಕೈ ಜಾರಿದಂತೆ. ಹೊಸ ಅಕ್ಷರವೇನೂ ಹುಟ್ಟುವುದಿಲ್ಲ. ಇದ್ದ ಅಕ್ಷರವೇ ಕೆಡುತ್ತದೆ. ಇಂತಹ ನಾಣ್ಯಗಳು ಎಲ್ಲ ದೇಶಗಳಲ್ಲೂ ಹೇರಳವಾಗಿವೆ. ಆದ್ದರಿಂದ ಸಂಗ್ರಾಹಕರು ಇವುಗಳಿಗೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ನೀವೇ ಪರೀಕ್ಷಿಸಿ

ವಾಚ್ ರಿಪೇರಿಯವರು, ಚಿನ್ನದಂಗಡಿಯವರು ಕಣ್ಣಿಗಿಟ್ಟುಕೊಳ್ಳುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಂದಿದ್ದರೆ ಸಾಕು. ಒಂದೇ ಬದಿಯಿಂದ ಬೆಳಕು ಬೀಳುವಂತೆ ಕಿಟಕಿಯ ಬಳಿ ಕುಳಿತು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಎರಡನೆಯ ಅಕ್ಷರ ಉಬ್ಬಾಗಿದೆಯೇ, ಚಪ್ಪಟೆಯಾಗಿದೆಯೇ? ನಿಜವಾದ ಡಬಲ್ ಡೈಯಲ್ಲಿ ಎರಡೂ ಅಕ್ಷರಗಳು ದುಂಡಗೆ ಉಬ್ಬಿರುತ್ತವೆ. ಮೆಷಿನ್ ಡಬ್ಲಿಂಗ್‌ನಲ್ಲಿ ಎರಡನೆಯದು ಮೆಟ್ಟಿಲಿನಂತೆ ಚಪ್ಪಟೆಯಾಗಿ, ನಾಣ್ಯದ ನೆಲಕ್ಕೆ ಹತ್ತಿರವಾಗಿರುತ್ತದೆ. ಬೆಳಕಿಗೆ ಹಿಡಿದಾಗ ಆ ಮೆಟ್ಟಿಲು ಹೊಳೆಯುತ್ತದೆ.

2. ಅಕ್ಷರ ದಪ್ಪಗಾಗಿದೆಯೇ, ತೆಳುವಾಗಿದೆಯೇ? ಇದು ಬಹು ಮುಖ್ಯ. ಡಬಲ್ ಡೈಯಲ್ಲಿ ಎರಡು ಅಕ್ಷರಗಳು ಸೇರುವುದರಿಂದ ಒಟ್ಟು ಗೆರೆ ಅಗಲವಾಗುತ್ತದೆ. ಮೆಷಿನ್ ಡಬ್ಲಿಂಗ್‌ನಲ್ಲಿ ಮೂಲ ಅಕ್ಷರದ ಒಂದು ಭಾಗ ಚಪ್ಪಟೆಯಾಗಿ ಹೋಗುವುದರಿಂದ ಉಳಿದ ಅಕ್ಷರ ಸಪೂರವಾಗುತ್ತದೆ. ಅದೇ ಇಸವಿಯ ಇನ್ನೊಂದು ಒಳ್ಳೆಯ ನಾಣ್ಯವನ್ನು ಪಕ್ಕದಲ್ಲಿಟ್ಟು ಹೋಲಿಸಿ.

3. ಅಕ್ಷರದ ಮೂಲೆಗಳಲ್ಲಿ ಸೀಳು ಕಾಣುತ್ತದೆಯೇ? ಡಬಲ್ ಡೈಯಲ್ಲಿ ಗೆರೆಗಳ ತುದಿಯಲ್ಲಿ ಎರಡು ಮೂಲೆಗಳ ನಡುವೆ ಸಣ್ಣ ಕಚ್ಚು ಸ್ಪಷ್ಟವಾಗಿರುತ್ತದೆ. ಯಂತ್ರದ ಅಲುಗಾಟದಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

4. ಅಂಚು ಮಸುಕಾಗಿ, ಊದಿಕೊಂಡಂತೆ ಇದೆಯೇ? ಹಾಗಿದ್ದರೆ ಅದು ಲಕ್ಷಾಂತರ ಸಲ ಒತ್ತಿ ಸವೆದ ಡೈಯ ಗುರುತು. ಅದಕ್ಕೂ ಹೆಚ್ಚಿನ ಬೆಲೆಯಿಲ್ಲ.

ಇನ್ನೊಂದು ಮಾತು. ಹುಣಸೆಹುಳಿ, ಲಿಂಬೆ, ಬೂದಿ ಹಾಕಿ ನಾಣ್ಯವನ್ನು ಉಜ್ಜಬೇಡಿ. ಹಿತ್ತಾಳೆ ಪಾತ್ರೆಗೆ ಅದು ಸರಿ. ಆದರೆ ಉಜ್ಜಿ ಹೊಳಪು ಬರಿಸಿದ ಹಳೆಯ ನಾಣ್ಯ ಸಂಗ್ರಾಹಕರ ಕಣ್ಣಿನಲ್ಲಿ ಬೆಲೆ ಕಳೆದುಕೊಳ್ಳುತ್ತದೆ.

ಟಿಪ್ಪುವಿನ ಆನೆ ಕಾಸು

ಕೆಲವರ ಮನೆಯಲ್ಲಿ ಟಿಪ್ಪು ಸುಲ್ತಾನನ ಕಾಲದ (1782-1799) ಆನೆ ಚಿತ್ರವಿರುವ ತಾಮ್ರದ ಕಾಸುಗಳೂ ಇರಬಹುದು. ಶ್ರೀರಂಗಪಟ್ಟಣ, ನಗರ ಮುಂತಾದ ಕಡೆ ಇವು ತಯಾರಾಗುತ್ತಿದ್ದವು. ಪೈಸೆಗೆ ಜೊಹ್ರಾ, ಅರ್ಧ ಪೈಸೆಗೆ ಬಹ್ರಾಮ್, ಕಾಲು ಪೈಸೆಗೆ ಅಖ್ತರ್ ಎಂದು ಆಕಾಶಕಾಯಗಳ ಹೆಸರಿಟ್ಟಿದ್ದ ಸುಂದರ ನಾಣ್ಯಗಳಿವು. ಇವುಗಳಲ್ಲೂ ಚಿತ್ರ ಎರಡೆರಡಾಗಿ ಕಂಡರೆ ಅದು ಡಬಲ್ ಡೈ ಅಲ್ಲ. ಆಗ ಯಂತ್ರವಿರಲಿಲ್ಲ, ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುತ್ತಿದ್ದರು. ಎರಡನೆಯ ಏಟಿಗೆ ಅಚ್ಚು ಜರುಗಿದರೆ ಜೋಡಿ ಚಿತ್ರ ಬರುತ್ತಿತ್ತು. ಇವುಗಳ ಬೆಲೆಯಿರುವುದು ಅವುಗಳ ಇತಿಹಾಸದಲ್ಲಿ ಮತ್ತು ಎಷ್ಟು ಚೆನ್ನಾಗಿ ಉಳಿದಿವೆ ಎಂಬುದರಲ್ಲಿ.

ನಿಜವಾದ ಅಪಾಯ ಎಲ್ಲಿದೆ?

ನಾಣ್ಯವನ್ನು ತಪ್ಪಾಗಿ ಗುರುತಿಸಿದರೆ ಏನು ನಷ್ಟ ಎಂದು ನೀವು ಕೇಳಬಹುದು. ಅಲ್ಲಿಗೇ ನಿಂತರೆ ನಷ್ಟವಿಲ್ಲ. ಆದರೆ ಆ ವೀಡಿಯೊದ ಕೆಳಗೆ ಒಂದು ಫೋನ್ ನಂಬರ್ ಇರುತ್ತದೆ. ಫೋಟೊ ಕಳುಹಿಸಿದ ತಕ್ಷಣ "ಐದು ಲಕ್ಷಕ್ಕೆ ಕೊಳ್ಳುತ್ತೇವೆ" ಎಂಬ ಉತ್ತರ ಬರುತ್ತದೆ. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಒಂದೊಂದಾಗಿ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಪತ್ರವನ್ನೂ ಕಳುಹಿಸುತ್ತಾರೆ. 786 ಅಂಕಿಯಿರುವ ನೋಟುಗಳ ಹೆಸರಿನಲ್ಲೂ ಇದೇ ಆಟ ನಡೆಯುತ್ತದೆ. ಆ ಅಂಕಿಯ ಬಗ್ಗೆ ಜನರಿಗಿರುವ ಭಾವನೆಯನ್ನೇ ವಂಚಕರು ಗಾಳಕ್ಕೆ ಸಿಕ್ಕಿಸುತ್ತಾರೆ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಈ ಬಗ್ಗೆ ಎಚ್ಚರಿಕೆ ನೀಡಿದೆ. ಹಳೆಯ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ತಾನು ತೊಡಗಿಲ್ಲ, ಅದಕ್ಕಾಗಿ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ, ಬೇರೆ ಯಾರಿಗೂ ಅಂತಹ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಸ್ವಲ್ಪ ಯೋಚಿಸಿ. ನಿಮ್ಮ ವಸ್ತುವನ್ನು ಕೊಳ್ಳುವವನು ನಿಮಗೆ ಹಣ ಕೊಡಬೇಕೇ, ನಿಮ್ಮಿಂದ ಹಣ ಪಡೆಯಬೇಕೇ? ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಒಟಿಪಿ ಹೇಳಬೇಕಾಗಿಲ್ಲ. ದಿನವಿಡೀ ಬೀಡಿ ಕಟ್ಟಿ ಕೂಡಿಟ್ಟ ಹಣ, ಪರವೂರಿನಿಂದ ಮಗ ಕಳುಹಿಸಿದ ಹಣ ಒಂದು ಕರೆಯಲ್ಲಿ ಹೋಗಿಬಿಡಬಹುದು. ಮೋಸ ಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾಣ್ಯ ನಿಜಕ್ಕೂ ವಿಶೇಷವಾದದ್ದು ಎನಿಸಿದರೆ ಒಬ್ಬನ ಮಾತಿಗೆ ಒಪ್ಪಬೇಡಿ. ಅನುಭವವಿರುವ ಇಬ್ಬರು ಮೂವರು ಸಂಗ್ರಾಹಕರಿಗೆ ನೇರವಾಗಿ ತೋರಿಸಿ. ನೀವೇ ಮಾರುವುದಾದರೂ ಅಷ್ಟೇ, ಯಂತ್ರದ ದೋಷವನ್ನು ಡಬಲ್ ಡೈ ಎಂದು ಹೇಳಿ ಮಾರಬೇಡಿ. ಗೊತ್ತಿಲ್ಲದವನ ಕೈಗೆ ದೋಷ ಮುಚ್ಚಿಟ್ಟು ಕೊಟ್ಟ ವಸ್ತುವಿನ ಹಣದಲ್ಲಿ ಬರಕತ್ ಇರುವುದುಂಟೇ?

ಡಬ್ಬಿಯ ನಾಣ್ಯಗಳನ್ನು ಮಕ್ಕಳ ಮುಂದೆ ಹರಡಿ. ಇಸವಿ ಓದಿಸಿ, ಟಂಕಸಾಲೆಯ ಗುರುತು ಹುಡುಕಿಸಿ, ಉಬ್ಬು ಯಾವುದು, ಚಪ್ಪಟೆ ಯಾವುದು ಎಂದು ಕೇಳಿ. ಲಕ್ಷ ರೂಪಾಯಿ ಸಿಗಲಿಕ್ಕಿಲ್ಲ. ಆದರೆ ಕಂಡದ್ದನ್ನೆಲ್ಲ ನಂಬದೆ ಎರಡು ಸಲ ನೋಡುವ ಅಭ್ಯಾಸ ಈಗಲೇ ಬಂದರೆ, ನಾಳೆ ಅವರ ಕೈಗೆ ಮೊಬೈಲ್ ಬಂದಾಗ ಅದೇ ಅವರನ್ನು ಕಾಯುತ್ತದೆ.