ಮಾದಪ್ಪನ ಬೆಟ್ಟದ ಹಾದಿಗೆ ಮದ್ದಿನ ಚೀಲ

ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕೊಳ್ಳೇಗಾಲದ ಕಡೆಯ ಜನರು ಹನೂರು, ಕೌದಳ್ಳಿಗಳನ್ನು ಹಾದು, ತಾಳಬೆಟ್ಟದಿಂದ ಕಾಡುದಾರಿ ಹಿಡಿದು ಮಲೆಯ ಮಹದೇಶ್ವರನ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಹೋಗುವುದುಂಟು. ಮುಳ್ಳೂರಿನಿಂದ ಹೊರಡುವ ತರುಣನೊಬ್ಬನ ಚೀಲದಲ್ಲಿ ಬುತ್ತಿಯೊಡನೆ ಯಾವ ಔಷಧಿಗಳಿರಬೇಕು? ಪ್ರತಿಯೊಂದನ್ನೂ ನಾವು ಎರಡು ಪ್ರಶ್ನೆಗಳಿಂದ ಪರೀಕ್ಷಿಸೋಣ: ಈ ಹಾದಿಯ ತೊಂದರೆಗೆ ಅದು ತಕ್ಕುದೇ? ವೈದ್ಯರಿಲ್ಲದ ಎಡೆಯಲ್ಲಿ ಅದನ್ನು ನಿರಪಾಯವಾಗಿ ಬಳಸಬಹುದೇ?

ಮೊದಲ ಸ್ಥಾನವು ಓ.ಆರ್.ಎಸ್. ಪೊಟ್ಟಣಕ್ಕೆ ಸಲ್ಲತಕ್ಕದ್ದು. ಬೆವರು, ಭೇದಿಗಳಿಂದ ದೇಹವು ನೀರನ್ನಷ್ಟೇ ಅಲ್ಲ, ಲವಣಗಳನ್ನೂ ಕಳೆದುಕೊಳ್ಳುತ್ತದೆ. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಗೂಡಿ ಒಳಸೇರುವ ದ್ವಾರಗಳುಂಟು. ಅವುಗಳ ಬೆನ್ನಿಗೇ ನೀರೂ ಒಳಸೇರುತ್ತದೆ. 1971ರಲ್ಲಿ ಬಂಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸರು ಇಂತಹ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. 1 ಲೀಟರಿನ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಮತ್ತು ಇನ್ನೆರಡು ಲವಣಗಳಿರುತ್ತವೆ. ಅದನ್ನು ಪೂರ್ತಿ 1 ಲೀಟರ್ ಶುದ್ಧ ನೀರಿನಲ್ಲಿಯೇ ಕರಗಿಸಬೇಕು. ನೀರು ಕಡಮೆಯಾದರೆ ಉಪ್ಪು ಮಿತಿಮೀರಿ ಕೇಡಾಗುವುದು.

ಜ್ವರಕ್ಕೂ ಮೈಕೈ ನೋವಿಗೂ ಪ್ಯಾರಸಿಟಮಾಲ್ ಸಾಕು. ವಯಸ್ಕರಿಗೆ 500 ಮಿಲಿಗ್ರಾಮಿನ ಒಂದು ಮಾತ್ರೆ. ಮತ್ತೊಂದಕ್ಕೆ ನಾಲ್ಕರಿಂದ ಆರು ಗಂಟೆಗಳ ಬಿಡುವಿರಬೇಕು. ಅತಿಯಾದರೆ ಯಕೃತ್ತು ಕೆಡುತ್ತದೆ. ಇದಕ್ಕಿಂತ ಐಬುಪ್ರೊಫೆನ್ ಬಲವಾದುದೆಂದು ಕೆಲವರು ಅದನ್ನು ಒಯ್ಯುವರು. ಆದರೆ ನೀರಿಲ್ಲದೆ ಬಳಲಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸುತ್ತದೆ. ಆದುದರಿಂದ ಬಿಸಿಲಿನ ನಡಿಗೆಗೆ ಅದು ತಕ್ಕುದಲ್ಲ.

ಜೇನುಹುಳು ಕಚ್ಚಿ ತುರಿಕೆಯೆದ್ದರೆ 10 ಮಿಲಿಗ್ರಾಮಿನ ಸೆಟಿರಿಜಿನ್ ಮಾತ್ರೆಯೊಂದು ಉಪಯುಕ್ತ, ತೂಕಡಿಕೆ ಬರಬಹುದು. ಉಸಿರು ಕಟ್ಟಿದರೆ, ತುಟಿ ನಾಲಗೆಗಳು ಊದಿದರೆ ಮಾತ್ರೆಯನ್ನು ನೆಚ್ಚದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗಾಯವನ್ನು ನೀರಿನಿಂದ ಚೆನ್ನಾಗಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಕಟ್ಟಿದರಾಯಿತು. ಮನೆಯಲ್ಲಿ ಮಿಕ್ಕ ಆ್ಯಂಟಿಬಯಾಟಿಕ್ ಮಾತ್ರೆಗಳಿಗೆ ಚೀಲದಲ್ಲಿ ಎಡೆಯಿಲ್ಲ.

ಹಾಗಾದರೆ ಹಾವಿನ ಮದ್ದು? ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವು ನಮ್ಮ ದೇಶದಲ್ಲಿ ತಯಾರಾಗುತ್ತದೆ. ಕುದುರೆಯ ರಕ್ತದಿಂದ ಪಡೆದ ಅದನ್ನು ರಕ್ತನಾಳದ ಮೂಲಕ ಕೊಡಬೇಕು. ಕೆಲವರ ದೇಹವು ಅದರ ವಿರುದ್ಧವೇ ಉಗ್ರವಾಗಿ ಕೆರಳುವುದುಂಟು. ಆದುದರಿಂದ ಅದರ ಸ್ಥಾನ ಆಸ್ಪತ್ರೆಯೇ ಹೊರತು ಚೀಲವಲ್ಲ. ಕಚ್ಚಿದೆಡೆಯನ್ನು ಕೊಯ್ಯದೆ, ಹೀರದೆ, ಹಗ್ಗದಿಂದ ಬಿಗಿಯದೆ, ಆ ಅಂಗವನ್ನು ಅಲುಗದಂತಿರಿಸಿ, ರೋಗಿಯನ್ನು ನಡೆಸದೆ ಹೊತ್ತೊಯ್ಯುವುದೇ ಸರಿಯಾದ ಉಪಚಾರ.

ಹೊರಡುವ ಮುನ್ನ ಮಾತ್ರೆಗಳ ಅವಧಿಯ ದಿನಾಂಕವನ್ನು ನೋಡಿ, ಅವನ್ನು ಮೂಲ ಹೊದಿಕೆಯಲ್ಲಿಯೇ ನೆರಳಿನಲ್ಲಿಡಬೇಕು. ನಿತ್ಯವೂ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ಯಾವುದನ್ನು ಒಯ್ಯಬಾರದೆಂದು ಅರಿತವನ ಚೀಲವು ಹಗುರವಾಗಿಯೂ ಇರುವುದು, ಉಪಕಾರಿಯಾಗಿಯೂ ಇರುವುದು.