ಹಿಮದ ಹೊದಿಕೆಯಡಿಯ ಹಳೆಯ ಜೌಗು

ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ವಿಧವಾಗಿ ವಿಂಗಡಿಸಿದ್ದಾರೆ. ನೀರು ಕಡಮೆಯಾದ ಒಣನೆಲ ಜಾಂಗಲ. ನೀರು ಸದಾ ತಂಗಿರುವ ನೆಲ ಆನೂಪ. ಎರಡರ ಲಕ್ಷಣಗಳೂ ಬೆರೆತದ್ದು ಸಾಧಾರಣ. ಆನೂಪವೆಂಬುದನ್ನು ಆಡುಮಾತಿನಲ್ಲಿ ನಾವು ಜೌಗು ಎನ್ನುತ್ತೇವೆ. ಈ ಮಾತನ್ನು ನಮ್ಮ ಜನ ಹೊಗಳಿಕೆಯಾಗಿ ಬಳಸಿದ್ದು ವಿರಳ. ಕಾಲು ಹೂಳುವ ನೆಲ, ಬೆಳೆಗೆ ಬಾರದ ನೆಲ, ಸೊಳ್ಳೆಯ ಮತ್ತು ಜ್ವರದ ತವರು ಎಂಬುದೇ ಅದರ ವಿಷಯದಲ್ಲಿ ರೂಢಿಯಾಗಿರುವ ಭಾವನೆ.

ಆದರೆ ಇಂಥ ನೆಲವನ್ನೇ ನೋಡಬೇಕೆಂದು, ಅದೂ ನಡುಚಳಿಗಾಲದಲ್ಲಿ, ಗುಂಪುಗೂಡಿ ಕಾಡುಹಾದಿ ಹಿಡಿದು ಹೋಗುವ ಜನರು ಉತ್ತರ ಯೂರೋಪಿನಲ್ಲಿದ್ದಾರೆ. ಅವರಲ್ಲಿ ಎಸ್ಟೋನಿಯಾ ದೇಶದವರದು ಎದ್ದು ಕಾಣುವ ಉದಾಹರಣೆ. ಈ ಲೇಖಕನು ಆ ನಾಡನ್ನು ಕಣ್ಣಾರೆ ಕಂಡವನಲ್ಲ. ಓದಿನಿಂದ ತಿಳಿದುದನ್ನು ಅಧ್ಯಾಪಕ ಮಿತ್ರರಿಗೂ, ಹಳೆಯ ವಿದ್ಯಾರ್ಥಿಗಳಿಗೂ, ವಿದ್ಯಾಪೋಷಕರಾದ ದಾನಿಗಳಿಗೂ ನಿವೇದಿಸುವುದಷ್ಟೇ ಇಲ್ಲಿಯ ಉದ್ದೇಶ. ಆ ಜೌಗು ಹೇಗೆ ಹುಟ್ಟಿತು, ಅದರ ಮೇಲೆ ಚಳಿಗಾಲದಲ್ಲಿ ನಡೆಯುವ ಕ್ರಮವೇನು, ಆ ನಡಿಗೆಯಿಂದ ತಿಳಿಯುವುದೇನು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ.

ನಾಡು ಮತ್ತು ನುಡಿ

ಎಸ್ಟೋನಿಯಾ ಬಾಲ್ಟಿಕ್ ಸಮುದ್ರದ ಪೂರ್ವತೀರದಲ್ಲಿರುವ ಚಿಕ್ಕ ಗಣರಾಜ್ಯ. ಉತ್ತರಕ್ಕೆ ಕೊಲ್ಲಿಯಾಚೆ ಫಿನ್ಲೆಂಡ್, ಪೂರ್ವಕ್ಕೆ ರಷ್ಯಾ, ದಕ್ಷಿಣಕ್ಕೆ ಲಾಟ್ವಿಯಾ. ವಿಸ್ತೀರ್ಣ ಸುಮಾರು ೪೫,೦೦೦ ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಕಾಲು ಭಾಗಕ್ಕೂ ಕಡಮೆ. ಅಲ್ಲಿಯ ಅತ್ಯುನ್ನತ ಬೆಟ್ಟದ ಎತ್ತರ ೩೧೮ ಮೀಟರು ಮಾತ್ರ. ಹೀಗೆ ಸಮತಟ್ಟಾದ, ಚಳಿಯಾದ, ಆವಿಯಾಗುವುದಕ್ಕಿಂತ ಹೆಚ್ಚು ಮಳೆಹಿಮ ಬೀಳುವ ನೆಲದಲ್ಲಿ ನೀರು ಹರಿದುಹೋಗುವುದು ನಿಧಾನ. ಆದುದರಿಂದ ನಾಡಿನ ಸುಮಾರು ಅರ್ಧ ಭಾಗ ಕಾಡು. ಸುಮಾರು ಐದರಲ್ಲೊಂದು ಭಾಗ ಜೌಗಿನಿಂದ ಹುಟ್ಟಿದ ಮಣ್ಣು.

ಆ ದೇಶದ ನೈಋತ್ಯ ಭಾಗದಲ್ಲಿ ೧೯೯೩ರಲ್ಲಿ ಸ್ಥಾಪಿತವಾದ ಸೋಮಾ ರಾಷ್ಟ್ರೀಯ ಉದ್ಯಾನವಿದೆ. ಹೆಸರು ಕೇಳಿದೊಡನೆ ನಮಗೆ ಸೋಮನ ನೆನಪಾಗುವುದು ಸಹಜ. ಆದರೆ ಎಸ್ಟೋನಿಯದ ನುಡಿಯಲ್ಲಿ 'ಸೋ' ಎಂದರೆ ಜೌಗು, 'ಮಾ' ಎಂದರೆ ನಾಡು. ಆ ನುಡಿ ಫಿನ್ನಿಷ್ ಭಾಷೆಯ ಹತ್ತಿರದ ಬಂಧು. ಅದಕ್ಕೆ ಹದಿನಾಲ್ಕು ವಿಭಕ್ತಿಗಳಿವೆ ಎಂದರೆ ವ್ಯಾಕರಣ ಕಲಿಸುವ ನಮ್ಮಂಥವರಿಗೆ ಕುತೂಹಲವುಂಟಾಗದೆ ಇರದು. ೧೮೫೬ರಲ್ಲಿ ಪ್ರಕಟವಾದ ತಮ್ಮ ತೌಲನಿಕ ವ್ಯಾಕರಣದಲ್ಲಿ ಕಾಲ್ಡ್‌ವೆಲ್ಲರು ಕನ್ನಡವೇ ಮೊದಲಾದ ದ್ರಾವಿಡ ಭಾಷೆಗಳಿಗೂ ಫಿನ್ನಿಷ್ ಮುಂತಾದವುಗಳಿಗೂ ನಂಟಿದೆಯೆಂದು ಊಹಿಸಿದ್ದರು. ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಆ ಊಹೆಯನ್ನು ಒಪ್ಪುವುದಿಲ್ಲ. ಅದೇನೇ ಇರಲಿ, ಜೌಗಿನ ಬೇರೆಬೇರೆ ಅವಸ್ಥೆಗಳಿಗೆ ಬೇರೆಬೇರೆ ಪದಗಳನ್ನು ಆ ಜನ ಇಟ್ಟುಕೊಂಡಿದ್ದಾರೆ. 'ಸೋ' ಎಂಬುದು ಸಾಮಾನ್ಯನಾಮ. 'ರಬಾ' ಎಂಬುದು ವಯಸ್ಸಾದ, ಬೆಳೆದು ಉಬ್ಬಿನಿಂತ ಜೌಗು. ನಮ್ಮ ಪ್ರಸ್ತಾಪ ಈ ರಬಾದ್ದು.

ಜೌಗಿನ ಜನನ

ಹನ್ನೆರಡು ಸಾವಿರ ವರ್ಷಗಳಿಗೂ ಹಿಂದೆ ಉತ್ತರ ಯೂರೋಪನ್ನು ಮಹಾಹಿಮರಾಶಿಯೊಂದು ಮುಚ್ಚಿತ್ತು. ಅದು ಕರಗಿ ಹಿಂದೆ ಸರಿದಾಗ ತಗ್ಗುಗಳಲ್ಲಿ ಕೊಳಗಳು ಉಳಿದವು. ಅಂಚಿನಿಂದ ಜೊಂಡು ಬೆಳೆಯಿತು. ಸತ್ತ ಜೊಂಡು ತಳದಲ್ಲಿ ತುಂಬಿತು. ಕೊಳ ಕ್ರಮೇಣ ಕೆಸರಾಯಿತು. ಅನಂತರ ಸ್ಫ್ಯಾಗ್ನಮ್ ಎಂಬ ಪಾಚಿ ನೆಲೆಯೂರಿತು. ಇದಕ್ಕೆ ಬೇರಿಲ್ಲ, ತುದಿ ಬೆಳೆಯುತ್ತ ಹೋಗುತ್ತದೆ, ಬುಡ ಸಾಯುತ್ತ ಬರುತ್ತದೆ. ತನ್ನ ಒಣತೂಕದ ಹದಿನೈದು ಇಪ್ಪತ್ತು ಮಡಿ ನೀರನ್ನು ಅದು ಹೀರಿ ಹಿಡಿಯಬಲ್ಲುದು. ಈ ಗುಣವನ್ನರಿತು ಮೊದಲನೆಯ ಮಹಾಯುದ್ಧದಲ್ಲಿ ಗಾಯಗಳಿಗೆ ಹತ್ತಿಯ ಬದಲು ಈ ಪಾಚಿಯನ್ನು ಕಟ್ಟಿದ್ದುಂಟು. ತಾನು ನಿಂತ ನೀರನ್ನು ಅದು ಆಮ್ಲಮಯ ಮಾಡುತ್ತದೆ. ಆಮ್ಲ, ಚಳಿ, ಪ್ರಾಣವಾಯುವಿನ ಅಭಾವ ಈ ಮೂರೂ ಸೇರಿದಲ್ಲಿ ಕೊಳೆಸುವ ಜೀವಾಣುಗಳಿಗೆ ಕೆಲಸ ಸಾಗದು. ಹೀಗೆ ಸತ್ತದ್ದು ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಕೂಡುತ್ತದೆ. ಅದಕ್ಕೆ ಪೀಟ್ ಎಂದು ಹೆಸರು.

ಈ ಕೂಡಿಕೆಯ ಲೆಕ್ಕ ಗಮನಾರ್ಹ. ಸರಾಸರಿಯಾಗಿ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರು. ಅಂದರೆ ಒಂದು ಮೀಟರಿಗೆ ಸಾವಿರ ವರ್ಷ. ಐದಾರು ಮೀಟರು ಆಳದ ಜೌಗುಗಳು ಅಲ್ಲಿ ಅಪರೂಪವಲ್ಲ. ಆ ನೆಲದ ಮೇಲೆ ನಿಂತವನು ಐದಾರು ಸಾವಿರ ವರ್ಷಗಳ ಗಳಿಕೆಯ ಮೇಲೆ ನಿಂತಂತಾಯಿತು. ಅದರಲ್ಲಿಯೂ ನೂರಕ್ಕೆ ತೊಂಬತ್ತರಷ್ಟು ನೀರೇ. ಉಳಿದದ್ದು ಮಾತ್ರ ಘನವಸ್ತು. ಹೀಗೆ ಬೆಳೆದ ಜೌಗು ಸುತ್ತಲಿನ ನೆಲಕ್ಕಿಂತ ಎತ್ತರವಾದಾಗ ಹೊಳೆಯ ನೀರು, ನೆಲದೊಳಗಿನ ನೀರು ಅದಕ್ಕೆ ದೊರೆಯವು; ಆಕಾಶದ ಮಳೆ ಮತ್ತು ಹಿಮವೇ ಗತಿ. ಆಹಾರಸತ್ವ ಇಷ್ಟು ಕಡಮೆಯಾದುದರಿಂದ ಅಲ್ಲಿಯ ಪೈನ್ ಮರಗಳು ಆಳೆತ್ತರ ಬೆಳೆಯುವಷ್ಟರಲ್ಲಿ ನೂರು ವರ್ಷ ಕಳೆದಿರುವುದುಂಟು. ಹುಡುಗನೊಬ್ಬ ಸಸಿಯೆಂದು ತಿಳಿದು ಕಿತ್ತರೆ, ಅವನು ಕಿತ್ತದ್ದು ತನ್ನ ಮುತ್ತಜ್ಜನ ವಯಸ್ಸಿನ ಮರವನ್ನಾಗಿರಬಹುದು!

ಚಳಿಗಾಲದ ನಡಿಗೆ

ಇನ್ನು ನಡಿಗೆಯ ವಿಚಾರ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಹಗಲು ಸುಮಾರು ಆರು ತಾಸು ಮಾತ್ರ. ಉಷ್ಣತೆ ಸೊನ್ನೆಗಿಂತ ಹತ್ತು ಇಪ್ಪತ್ತು ಡಿಗ್ರಿ ಕೆಳಗಿಳಿಯುವ ದಿನಗಳುಂಟು. ಹಾಗಿದ್ದೂ ಈ ಕಾಲವನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ಬೇಸಿಗೆಯ ಸೊಳ್ಳೆಗಳಿರುವುದಿಲ್ಲ, ತೋಳ, ಲಿಂಕ್ಸ್ ಎಂಬ ಕಾಡುಬೆಕ್ಕು, ದೊಡ್ಡ ಕಡವೆಯನ್ನು ಹೋಲುವ ಎಲ್ಕ್ ಇವುಗಳ ಹೆಜ್ಜೆಗಳು ಹಿಮದ ಮೇಲೆ ಅಚ್ಚೊತ್ತಿದಂತೆ ಕಾಣುತ್ತವೆ. ಮೇಲಾಗಿ ಹೆಪ್ಪುಗಟ್ಟಿದ ಜೌಗು ಹಿಂದಿನ ಕಾಲದಿಂದಲೂ ಅಲ್ಲಿ ಹಾದಿಯೇ. ಬೇಸಿಗೆಯಲ್ಲಿ ಬಂಡಿ ಹೋಗಲಾರದ ಕಡೆಗೆ ಚಳಿಗಾಲದಲ್ಲಿ ಜಾರುಬಂಡಿಗಳು ಹುಲ್ಲನ್ನೂ ಸೌದೆಯನ್ನೂ ಸಾಗಿಸುತ್ತಿದ್ದವು. ೧೯೪೪ರಲ್ಲಿ ಸೋವಿಯತ್ ಆಳ್ವಿಕೆ ಮರಳಿದ ಮೇಲೆ ಸಾವಿರಾರು ಮಂದಿ ಈ ಕಾಡು ಜೌಗುಗಳಲ್ಲಿಯೇ ತಲೆಮರೆಸಿಕೊಂಡರು. ಅವರಿಗೆ 'ಕಾಡಿನ ಸೋದರರು' ಎಂಬ ಹೆಸರಾಯಿತು. ಅವರಲ್ಲಿ ಕೊನೆಯವರೆಂದು ಹೇಳಲಾಗುವ ಆಗಸ್ಟ್ ಸಾಬೆ ಮೃತರಾದದ್ದು ೧೯೭೮ರಲ್ಲಿ.

ನಡಿಗೆಯ ಮೊದಲ ಪಾಠ ಒಂದು ವಿರೋಧಾಭಾಸ. ಹಿಮ ದಪ್ಪವಾಗಿ ಬಿದ್ದಲ್ಲಿ ನೆಲ ಗಟ್ಟಿಯಾಗಿರಬೇಕೆಂದು ನಾವು ಎಣಿಸುತ್ತೇವೆ. ವಾಸ್ತವ ಅದಕ್ಕೆ ವಿರುದ್ಧ. ಹಿಮವೆಂಬುದು ಗಾಳಿ ತುಂಬಿದ ವಸ್ತು; ಕಂಬಳಿ ಮೈಯ ಬಿಸಿಯನ್ನು ಕಾಯುವಂತೆ ಅದು ನೆಲದ ಬಿಸಿಯನ್ನು ಕಾಯುತ್ತದೆ. ಕಡುಚಳಿ ಮೊದಲು ಬಂದು ಹಿಮ ಅನಂತರ ಬಿದ್ದ ವರ್ಷ ಜೌಗು ಕಲ್ಲಿನಂತೆ ಗಟ್ಟಿ. ಹಿಮ ಮೊದಲು ಬಿದ್ದು ಚಳಿ ಅನಂತರ ಬಂದ ವರ್ಷ ಮೇಲೆಲ್ಲ ಬಿಳುಪು, ಅಡಿಯಲ್ಲಿ ಹಸಿಕೆಸರು. ಕಪ್ಪುನೀರಿನ ಮಡುಗಳು ಕೂಡ ಅದೇ ಬಿಳುಪಿನಡಿ ಅಡಗಿರುತ್ತವೆ. ಆದುದರಿಂದ ಕಣ್ಣನ್ನು ನಂಬಿ ನಡೆಯುವಂತಿಲ್ಲ. ಆ ವರ್ಷದ ಋತುಚರಿತ್ರೆಯನ್ನು ಬಲ್ಲ ಸ್ಥಳೀಯ ಮಾರ್ಗದರ್ಶಕನಿಲ್ಲದೆ ಹೊರಡುವುದು ಅವಿವೇಕ.

ಎರಡನೆಯದು ಪಾದರಕ್ಷೆ. ಬುಟ್ಟಿಯ ತಳದಂತೆ ಅಗಲವಾದ ಹಿಮಪಾದುಕೆಗಳನ್ನು ಬೂಟಿನ ಕೆಳಗೆ ಕಟ್ಟಿಕೊಳ್ಳುತ್ತಾರೆ. ದೇಹದ ಭಾರ ಬರಿಯ ಅಂಗಾಲಿನ ನಾಲ್ಕೈದು ಮಡಿ ಜಾಗಕ್ಕೆ ಹಂಚಿಹೋಗುವುದರಿಂದ ಕಾಲು ಹೂಳುವುದಿಲ್ಲ. ಕೈಯಲ್ಲೊಂದು ಕೋಲು. ಕಾಡಿನ ಅಂಚಿನಿಂದ ಬಯಲಿಗೆ ಬಂದಾಗ ಕೋಲಿನಿಂದ ತಡವಿ, ಕುಳ್ಳು ಪೈನ್ ಬೆಳೆದ ದಿಬ್ಬಗಳನ್ನು ಹಿಡಿದು ನಡೆಯಬೇಕು. ಮರವಿಲ್ಲದ ನುಣ್ಣನೆಯ ತಗ್ಗು ಸಂಶಯಾಸ್ಪದ. ಯಾರಾದರೂ ಕುಸಿದರೆ ಒದ್ದಾಡದೆ, ಕೋಲನ್ನು ಅಡ್ಡಲಾಗಿ ಇಟ್ಟು, ಮೈಯನ್ನು ಅದರ ಮೇಲೆ ಚಾಚಿ, ಬಂದ ದಾರಿಯ ಕಡೆಗೇ ಹೊರಳಿ ಬರಬೇಕು. ಒದ್ದೆಯಾದ ಕಾಲುಚೀಲವನ್ನು ಕೂಡಲೇ ಬದಲಿಸಬೇಕು. ಆ ಚಳಿಯಲ್ಲಿ ಒದ್ದೆ ಕಾಲು ಬೇಗನೆ ಮರಗಟ್ಟುತ್ತದೆ.

ಮೂರನೆಯದು ಗುಂಪಿನ ಶಿಸ್ತು. ಎಲ್ಲರೂ ಒಬ್ಬರ ಹಿಂದೊಬ್ಬರು. ಮುಂದಿನವನು ಹೊಸ ಹಿಮವನ್ನು ತುಳಿದು ದಾರಿ ಮಾಡಬೇಕಾದುದರಿಂದ ಅವನ ಶ್ರಮ ಬಹಳ. ಹಿಂದಿನವರು ತುಳಿದ ದಾರಿಯಲ್ಲಿ ಸುಲಭವಾಗಿ ಬರುತ್ತಾರೆ. ಆದುದರಿಂದ ಮಾರ್ಗದರ್ಶಕನು ದಿಕ್ಕು ಹೇಳುತ್ತಿರಲು, ಶಕ್ತರಾದವರು ಸರದಿಯ ಮೇಲೆ ಮುಂದಾಳಾಗುತ್ತಾರೆ. ದಣಿದವನು ಪಕ್ಕಕ್ಕೆ ಸರಿದು ಸಾಲಿನ ಹಿಂದೆ ಸೇರಿಕೊಳ್ಳುತ್ತಾನೆ. ಕಟ್ಟಕಡೆಗೆ ಅನುಭವಿಯಾದ ಒಬ್ಬ ಹಿಂಗಾವಲಿನವನು. ನಡಿಗೆಯ ವೇಗ ಅತ್ಯಂತ ನಿಧಾನಿಯ ವೇಗವೇ. ಹಗಲು ಕಿರಿದಾದುದರಿಂದ ಕತ್ತಲಾಗುವ ಮೊದಲೇ ಕಾಡು ದಾಟುವಂತೆ ಬೆಳಿಗ್ಗೆಯೇ ಲೆಕ್ಕ ಹಾಕಿರಬೇಕು. ನಡುವೆ ನಿಂತು ಬಿಸಿ ಚಹಾ ಕುಡಿಯುವಾಗ ಹಿಮ ಸರಿಸಿ ನೋಡಿದರೆ, ಶರತ್ಕಾಲದಿಂದ ಉಳಿದ ಕ್ರ್ಯಾನ್ಬೆರಿಯ ಕೆಂಪು ಹಣ್ಣುಗಳು ಪಾಚಿಯ ಮೇಲೆ ಕಾಣುವುದುಂಟು. ಹಿಮ ತಗುಲಿದ ಮೇಲೆ ಅವುಗಳ ಹುಳಿ ಕೊಂಚ ಇಳಿದು ಸಿಹಿ ಏರಿರುತ್ತದೆ.

ನೆಲವೆಂಬ ಕೋಶ

ಓಲೆಗರಿಯ ಗ್ರಂಥವನ್ನು ಹುಳುವಿನಿಂದ, ತೇವದಿಂದ ಕಾಪಾಡಲು ನಮ್ಮ ಹಿರಿಯರು ಪಟ್ಟ ಪಾಡನ್ನು ಬಲ್ಲವರಿಗೆ ಜೌಗಿನ ಇನ್ನೊಂದು ಗುಣ ಆಶ್ಚರ್ಯ ತರದಿರದು. ಇಲ್ಲಿ ತೇವವೇ ರಕ್ಷಕ. ಪ್ರತಿವರ್ಷ ಗಾಳಿಯಲ್ಲಿ ತೇಲಿಬಂದ ಪರಾಗ ಪೀಟ್ ಪದರಗಳಲ್ಲಿ ಸೇರಿ ಕೆಡದೆ ಉಳಿಯುತ್ತದೆ. ಅದನ್ನು ಎಣಿಸಿ ಯಾವ ಕಾಲದಲ್ಲಿ ಯಾವ ಮರಗಳಿದ್ದವೆಂದು ತಿಳಿಯುವ ವಿಧಾನವನ್ನು ಸ್ವೀಡನ್ನಿನ ಲೆನಾರ್ಟ್ ವಾನ್ ಪೋಸ್ಟ್ ೧೯೧೬ರಲ್ಲಿ ವಿದ್ವಾಂಸರ ಮುಂದಿಟ್ಟರು. ೧೯೫೦ರಲ್ಲಿ ಡೆನ್ಮಾರ್ಕಿನ ಟೊಲುಂಡ್ ಎಂಬಲ್ಲಿ ಪೀಟ್ ಅಗೆಯುತ್ತಿದ್ದವರಿಗೆ ಮನುಷ್ಯನೊಬ್ಬನ ದೇಹ ಸಿಕ್ಕಿತು. ಮುಖದ ಸುಕ್ಕು, ಗಲ್ಲದ ಮೇಲಿನ ಕುರುಚಲು ಕೂಡ ಸ್ಪಷ್ಟವಾಗಿದ್ದುದರಿಂದ ಇತ್ತೀಚಿನ ಕೊಲೆಯಿರಬೇಕೆಂದು ಪೋಲೀಸರಿಗೆ ತಿಳಿಸಿದರು. ಅವನು ಸತ್ತು ಎರಡು ಸಾವಿರ ವರ್ಷಗಳಿಗೂ ಹೆಚ್ಚಾಗಿತ್ತು!

ಇಂಥ ನೆಲ ನಮ್ಮಲ್ಲಿ ಇಲ್ಲವೇ ಇಲ್ಲವೆನ್ನಲಾಗದು. ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಪೀಟ್ ಜೌಗುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಅವರ ಸಂಗಡಿಗರೂ ಆ ಪದರಗಳನ್ನು ಪರೀಕ್ಷಿಸಿ, ದಕ್ಷಿಣಭಾರತದ ಮಳೆಗಾಲದ ಸುಮಾರು ಇಪ್ಪತ್ತು ಸಾವಿರ ವರ್ಷಗಳ ಏರಿಳಿತವನ್ನು ೧೯೯೩ರಲ್ಲಿ ಪ್ರಕಟಪಡಿಸಿದರು. ಯಾವ ಶಾಸನವೂ ಹೇಳಲಾರದ ಸುದ್ದಿಯನ್ನು ಕೆಸರು ಹೇಳಿತು.

ಕಾಲುವೆ ತೋಡಿದರೆ

ಜೌಗನ್ನು ಉಳಿಸಿರುವುದು ನೀರು. ಒಂದು ಕಾಲುವೆ ತೋಡಿ ಆ ನೀರನ್ನು ಬಸಿದರೆ ಪೀಟಿಗೆ ಗಾಳಿ ತಗಲುತ್ತದೆ. ಸಾವಿರಾರು ವರ್ಷ ನಿಂತಿದ್ದ ಕೊಳೆಯುವಿಕೆ ಆರಂಭವಾಗುತ್ತದೆ. ಕೂಡಿಟ್ಟ ಇಂಗಾಲ ಹೊಗೆಯಿಲ್ಲದ ಬೆಂಕಿಯಲ್ಲಿ ಬೆಂದಂತೆ ಆಕಾಶ ಸೇರುತ್ತದೆ. ಪೀಟ್ ನೆಲ ಭೂಮಿಯ ಒಣಭಾಗದಲ್ಲಿ ನೂರಕ್ಕೆ ಮೂರರಷ್ಟಿದ್ದರೂ ಜಗತ್ತಿನ ಎಲ್ಲ ಕಾಡುಮರಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆಯೆಂದು ಗಣಿಸಿದ್ದಾರೆ. ಒಣಗಿದ ಪೀಟಿಗೆ ನಿಜವಾದ ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. ೨೦೧೦ರ ಬೇಸಿಗೆಯಲ್ಲಿ ಮಾಸ್ಕೋ ನಗರವನ್ನು ಮುಸುಕಿದ ಹೊಗೆಗೆ ಇದೂ ಒಂದು ಕಾರಣ.

ಇಪ್ಪತ್ತನೆಯ ಶತಮಾನದಲ್ಲಿ ಎಸ್ಟೋನಿಯಾದ ಜೌಗುಗಳ ಬಹುಭಾಗವನ್ನು ಬೇಸಾಯಕ್ಕೆ, ಮರ ಬೆಳೆಸುವುದಕ್ಕೆ, ಪೀಟ್ ತೆಗೆಯುವುದಕ್ಕೆ ಬಸಿದರು. ಆಗ ಅಲ್ಲಿಯ ಸಸ್ಯವಿಜ್ಞಾನಿಗಳು ಸುಮ್ಮನಿರಲಿಲ್ಲ. ಅವರ ಬರೆಹ ಮತ್ತು ಭಾಷಣಗಳ ಫಲವಾಗಿ ಸೋವಿಯತ್ ಆಳ್ವಿಕೆಯಲ್ಲಿಯೇ, ೧೯೮೧ರಲ್ಲಿ, ಹಲವು ಜೌಗುಗಳಿಗೆ ರಕ್ಷಣೆ ದೊರೆಯಿತು. ಈಗ ಹಳೆಯ ಕಾಲುವೆಗಳಿಗೆ ಪೀಟಿನಿಂದಲೇ ಒಡ್ಡು ಕಟ್ಟಿ ನೀರು ನಿಲ್ಲಿಸುವ ಕಾರ್ಯ ನಡೆಯುತ್ತಿದೆ. ನೀರು ನಿಂತಮೇಲೆ ಪಾಚಿ ಮರಳುತ್ತದೆ; ಆದರೆ ಪೀಟ್ ಕೂಡುವುದು ಮೊದಲಿನಂತೆ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರೇ. ಒಂದು ತಲೆಮಾರು ಕಳೆದುಕೊಂಡದ್ದನ್ನು ಮರಳಿ ಕೂಡಿಸಲು ಮೂವತ್ತು ತಲೆಮಾರು ಸಾಲದು. ಈ ಸತ್ಯವನ್ನು ಕೋಷ್ಟಕದಲ್ಲಿ ಓದುವುದು ಬೇರೆ. ಹೂಳುವ ನೆಲದ ಮೇಲೆ ಸಂಗಡಿಗರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ಅರಿಯುವುದು ಬೇರೆ. ಅದಕ್ಕಾಗಿಯೇ ಆ ಜನ ತಮ್ಮ ಮಕ್ಕಳನ್ನೂ ಅತಿಥಿಗಳನ್ನೂ ಅಲ್ಲಿಗೆ ಕರೆದೊಯ್ಯುತ್ತಾರೆ.

ನಮ್ಮ ಶಾಲೆಗಳ ಪ್ರವಾಸಗಳು ಬಹುಮಟ್ಟಿಗೆ ಗುಡಿ, ಕೋಟೆ, ಅಣೆಕಟ್ಟುಗಳಿಗೆ ಸೀಮಿತವಾಗಿವೆ. ಅವು ಬೇಕಾದುವೇ. ಅವುಗಳೊಡನೆ ವರ್ಷಕ್ಕೊಮ್ಮೆ ಊರಿನ ಕೆರೆಯಂಗಳಕ್ಕೋ, ಮಲೆನಾಡಿನ ಜೌಗುಗಾಡಿನ ಅಂಚಿಗೋ ಮಕ್ಕಳನ್ನು ಸಾಲುಗೂಡಿಸಿ ಕರೆದೊಯ್ದು, ಸರದಿಯ ಮೇಲೆ ಒಬ್ಬೊಬ್ಬರನ್ನು ಮುಂದೆ ಬಿಟ್ಟು ನಡೆಸುವುದು ಅಧ್ಯಾಪಕರಿಗೆ ಕಷ್ಟದ ಕೆಲಸವಲ್ಲ. ನೀರು ತಂಗಿದ ನೆಲವನ್ನು ವ್ಯರ್ಥವೆಂದು ತಿಳಿಯದ ನಾಲ್ವರು ವಿದ್ಯಾರ್ಥಿಗಳು ಅಂಥ ಒಂದು ನಡಿಗೆಯಿಂದ ಸಿದ್ಧರಾದರೂ, ಮುಂದೆ ಅದರ ಮೇಲೆ ಕಾಲುವೆ ತೋಡುವ ಪ್ರಸಂಗ ಬಂದಾಗ ಒಮ್ಮೆ ನಿಂತು ಯೋಚಿಸುವವರು ನಾಲ್ವರು ಇದ್ದಾರೆಂದಾಯಿತು.