ಬೆಳೆದ ಮುಧೋಳ ನಾಯಿ ಹೊಸ ಮನೆಗೆ ಒಗ್ಗುವುದಿಲ್ಲವೇ?

ಮುಧೋಳ ನಾಯಿಗೆ ಈಗ ದೊಡ್ಡ ಹೆಸರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2020ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯೇ ಹೊಗಳಿದರು. ಆ ಹೆಸರು ಕೇಳಿ ಮರಿ ತಂದವರಲ್ಲಿ ಕೆಲವರು, ಅದು ಎತ್ತರಕ್ಕೆ ಬೆಳೆದು ಕೋಳಿಯ ಬೆನ್ನು ಹತ್ತಿದ ಕೂಡಲೇ ಬೇಡವೆನ್ನುತ್ತಾರೆ. ಹಲಸಂಗಿ, ಇಂಡಿ, ಸಿಂದಗಿಯವರಿಗೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಈ ತಳಿ ಹೊಸದಲ್ಲ. ಆದರೂ ಬಿಟ್ಟುಹೋದ ನಾಯಿಗೆ ಇನ್ನೊಂದು ಮನೆ ಹುಡುಕಲು ಹೊರಟವರಿಗೆ ಅಡ್ಡ ಬರುವುದು ಹಳೆಯ ನಂಬಿಕೆಗಳೇ.

ತಪ್ಪು ಕಲ್ಪನೆ: ಎಲುಬು ಕಾಣುತ್ತಿದ್ದರೆ ನಾಯಿ ಉಪವಾಸ ಬಿದ್ದಿದೆ.

ಸತ್ಯ: ಓಟಕ್ಕೆಂದೇ ಬೆಳೆಸಿದ ತಳಿಯಿದು. ಚೆನ್ನಾಗಿ ಉಂಡ ನಾಯಿಯಲ್ಲೂ ಕೊನೆಯ ಪಕ್ಕೆಲುಬು, ಸೊಂಟದ ಮೂಳೆ ಕಾಣುತ್ತವೆ. ತೊಡೆಯ ಮಾಂಸ ಕರಗಿ, ಬೆನ್ನುಮೂಳೆಯೆಲ್ಲ ಎದ್ದು ನಿಂತಿದ್ದರೆ ಮಾತ್ರ ಅದು ಹಸಿವಿನ ಲಕ್ಷಣ. ಅಂಥ ನಾಯಿಗೂ ಮರುಕದಿಂದ ಒಮ್ಮೆಲೇ ಹೊಟ್ಟೆ ಬಿರಿಯೆ ತಿನ್ನಿಸಬಾರದು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ನಾಲ್ಕೈದು ಸಲ ಕೊಡಬೇಕು.

ತಪ್ಪು ಕಲ್ಪನೆ: ಮರಿಯಿಂದ ಸಾಕದಿದ್ದರೆ ನಾಯಿ ನಮ್ಮದಾಗುವುದಿಲ್ಲ.

ಬಿಟ್ಟ ನಾಯಿಗಳ ಬಾಳಿಗೆ ಅತಿ ಹೆಚ್ಚು ಕುತ್ತು ತಂದಿರುವ ಮಾತು ಇದೇ. ಇದು ಸುಳ್ಳೆನ್ನಲು ಇದೇ ಬಗೆಯ ಓಟದ ನಾಯಿ ಗ್ರೇಹೌಂಡ್ ಸಾಕ್ಷಿ. ಬ್ರಿಟನ್ನಿನಲ್ಲಿ ರೇಸ್ ಮುಗಿಸಿದ ಗ್ರೇಹೌಂಡ್‌ಗಳಿಗೆ ಮನೆ ಹುಡುಕುವ ಟ್ರಸ್ಟ್ 1975ರಿಂದ ನಡೆಯುತ್ತಿದೆ. ಅಲ್ಲಿ ಸಿಗುವುದು ಬೆಳೆದ ನಾಯಿಗಳೇ. ಸಾವಿರಾರು ಮನೆಗಳಲ್ಲಿ ಹೊಂದಿಕೊಂಡು ಬಾಳಿವೆ. ಬೆಂಗಳೂರಿನ ಕ್ಯೂಪಾ ಸಂಸ್ಥೆ ಕೂಡ ಜನ ಕೈಬಿಟ್ಟ ತಳಿ ನಾಯಿಗಳನ್ನು ಹೊಸ ಮನೆ ಸೇರಿಸುತ್ತದೆ.

ಮೊದಲ ಕೆಲವು ದಿನ ನಾಯಿ ಮೂಲೆ ಹಿಡಿಯಬಹುದು, ಅನ್ನ ಮುಟ್ಟದಿರಬಹುದು. ಆಗಲೇ ಅನೇಕರು ‘ಇದು ಒಗ್ಗಲಿಲ್ಲ’ ಎಂದು ವಾಪಸು ಕೊಡುತ್ತಾರೆ. ದಯವಿಟ್ಟು ಕಾಯಿರಿ. ಇನ್ನೊಂದು ಮಾತು: ಮುಧೋಳದ ತಲೆ ಕುತ್ತಿಗೆಗಿಂತ ಸಪೂರ. ಹೆದರಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಪಟ್ಟಿ ಕಿವಿ ದಾಟಿ ಕಳಚಿಕೊಳ್ಳುತ್ತದೆ, ನಾಯಿ ಕಣ್ಣೆದುರೇ ಮಾಯವಾಗುತ್ತದೆ. ಅಗಲವಾದ, ಎಳೆದಾಗ ತುಸು ಬಿಗಿಯಾಗುವ ಪಟ್ಟಿ ಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಬರೀ ಕಲ್ಲಿನ ನೆಲದ ಮೇಲೆ ಮಲಗಿ ಮೊಣಕೈ ಜಡ್ಡುಗಟ್ಟುತ್ತದೆ. ಒಂದು ಹಳೆಯ ಕೌದಿ ಹಾಸಿಕೊಡಿ.

ತಪ್ಪು ಕಲ್ಪನೆ: ಸರಪಳಿ ಹಾಕಿ ಕಟ್ಟಿದರೆ ಕಾವಲು ಚೆನ್ನಾಗಿ ಮಾಡುತ್ತದೆ.

ಸತ್ಯ: ಇದು ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟುವ ನಾಯಿ. ಅಪರಿಚಿತರ ಬಗ್ಗೆ ಎಚ್ಚರ ಇರುತ್ತದೆ ನಿಜ, ಆದರೆ ಹಗಲೆಲ್ಲ ಕಟ್ಟಿದರೆ ಸಿಗುವುದು ಹೆದರುವ, ಹೆದರಿ ಕಚ್ಚುವ ನಾಯಿ. ಹಾಗೆಂದು ದಿನವಿಡೀ ಓಡಿಸಬೇಕೆಂದೂ ಇಲ್ಲ. ಬೇಲಿಯಿರುವ ಜಾಗದಲ್ಲಿ ದಿನಕ್ಕೊಮ್ಮೆ ಚೆನ್ನಾಗಿ ಓಡಿಬಂದರೆ ಉಳಿದ ಹೊತ್ತು ಮಲಗಿರುತ್ತದೆ. ಮನೆಯಲ್ಲಿ ಕೋಳಿ, ಬೆಕ್ಕು, ಆಡಿನ ಮರಿಗಳಿದ್ದರೆ ನಾಯಿ ಕೊಡುವವರಿಗೆ ಮೊದಲೇ ಹೇಳಿಬಿಡಿ. ಅಟ್ಟುವ ಗುಣ ಹುಟ್ಟಿನಿಂದ ಬಂದದ್ದು, ಹೊಡೆದರೆ ಹೋಗದು.

ತಪ್ಪು ಕಲ್ಪನೆ: ಹೆಣ್ಣು ನಾಯಿ ಒಮ್ಮೆಯಾದರೂ ಮರಿ ಹಾಕಬೇಕು.

ಸತ್ಯ: ಅದರ ಆರೋಗ್ಯಕ್ಕೆ ಅಂಥ ಅಗತ್ಯವೇನೂ ಇಲ್ಲ. ತಳಿ ಉಳಿಸುವ ಕೆಲಸಕ್ಕೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಬಿಟ್ಟ ನಾಯಿಗೆ ಸಂತಾನಹರಣ ಮಾಡಿಸಿಯೇ ಕೊಡುವುದು ಸರಿ. ಶಸ್ತ್ರಚಿಕಿತ್ಸೆಗೆ ಮುನ್ನ ತಳಿ ಯಾವುದೆಂದು ವೈದ್ಯರಿಗೆ ತಿಳಿಸಿ. ಥಯೋಪೆಂಟಾಲ್‌ನಂಥ ಅರಿವಳಿಕೆ ಕೊಟ್ಟರೆ ಗ್ರೇಹೌಂಡ್ ಜಾತಿಯ ನಾಯಿಗಳು ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ.

ಸಾಕಿದ ನಾಯಿಯನ್ನು ಹಸಿವು, ನೀರಡಿಕೆಗೆ ಈಡಾಗುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ತಪ್ಪಿಗೆ ಕಾಯ್ದೆಯಲ್ಲಿರುವ ದಂಡ ಮಾತ್ರ 10ರಿಂದ 50 ರೂಪಾಯಿ. ಇಷ್ಟು ಸಣ್ಣ ದಂಡಕ್ಕೆ ಯಾರೂ ಅಂಜುವುದಿಲ್ಲ. ಆದ್ದರಿಂದ ಮುಧೋಳ ಸಾಕಬೇಕೆನ್ನುವವರು ಮರಿಗೆ ದುಡ್ಡು ಕೊಡುವ ಮೊದಲು, ಬೆಳೆದ ನಾಯಿ ಎಲ್ಲಾದರೂ ಮನೆಗಾಗಿ ಕಾಯುತ್ತಿದೆಯೇ ಎಂದು ಪಶು ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ.